ಯಾವ ಪುಟ?

ಪೇಪರಕ್ಕನಿಗೆ ಜನರ ಮುಖಕ್ಕಿಂತ ಅವರ ಕೈಯ ಗುರುತು ಹೆಚ್ಚು. ನೆಲದಡಿಯ ರೈಲು ನಿಲ್ದಾಣಕ್ಕೆ ಆರು ಕಡೆಯಿಂದ ಇಳಿಯುವ ಮೆಟ್ಟಿಲ ಸಾಲುಗಳಲ್ಲಿ, ಪಡುವಣ ಮೆಟ್ಟಿಲಿನ ತಲೆಯಲ್ಲಿ ನಿಂತು ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಪುಕ್ಕಟೆ ಪತ್ರಿಕೆ ಹಂಚುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಜಾಗ, ಕಂಪನಿ ಕೊಟ್ಟ ಅದೇ ಹಸಿರು ಕೋಟು. ರೈಲು ಹಿಡಿಯಲು ಓಡಿ ಬರುವವರ ಮುಖ ನೋಡುತ್ತ ನಿಂತರೆ ಅಷ್ಟರಲ್ಲಿ ಅವರು ಅರ್ಧ ಮೆಟ್ಟಿಲು ಇಳಿದಿರುತ್ತಾರೆ. ಹಾಗಾಗಿ ಕೈ ನೋಡಬೇಕು. ಬಳಪದ ಬಿಳಿ ಅಂಟಿದ ಬೆರಳು ಬಂದರೆ ಅದು ಮೇಷ್ಟ್ರು. ಅವರಿಗೆ ಪದಬಂಧ ಹೊರಗೆ ಕಾಣುವಂತೆ ಮಡಚಿ ಕೊಡಬೇಕು. ಬಲಗೈಯಲ್ಲಿ ಊಟದ ಡಬ್ಬಿ, ಎಡಗೈಯಲ್ಲಿ ಕೊಡೆ ಹಿಡಿದು ಬರುವ ಹೆಂಗಸಿಗೆ ರಾಶಿ ಭವಿಷ್ಯ. ಅವಳ ಕಂಕುಳಿಗೇ ಸಿಕ್ಕಿಸಬೇಕು. ಮುಂಗೈಗೆ ಪಟ್ಟಿ ಕಟ್ಟಿದ ದಢೂತಿ ಮನುಷ್ಯನಿಗೆ ಆಟೋಟದ ಪುಟ. ಅವನ ತಂಡ ಸೋತ ದಿನ ಮಾತ್ರ ಸುಮ್ಮನೆ ಮೊದಲ ಪುಟವನ್ನೇ ಹೊರಗಿಟ್ಟು ಕೊಡುತ್ತಿದ್ದಳು. ಒಳ್ಳೆಯ ಸುದ್ದಿ ಅಲ್ಲದಿದ್ದರೂ ಬೇರೆಯವರ ಸುದ್ದಿಯಾಗಿರುತ್ತದಲ್ಲ.

ಈ ಮಡಿಕೆ ಕಂಪನಿಯವರು ಹೇಳಿಕೊಟ್ಟದ್ದಲ್ಲ. ಬಂಡಲಿನಲ್ಲಿ ಪತ್ರಿಕೆ ಚಪ್ಪಟೆಯಾಗಿ, ಮೊದಲ ಪುಟ ಮೇಲೆ ಮಾಡಿಕೊಂಡು ಬರುತ್ತದೆ. ಉಳಿದ ಐದು ಮೆಟ್ಟಿಲಿನವರು ಹಾಗೆಯೇ ಕೊಡುತ್ತಾರೆ. ಪೇಪರಕ್ಕ ಮಾತ್ರ ಒಂದು ಸಲ ಒದರಿ, ಬೇಕಾದ ಪುಟ ಹೊರಗೆ ಮಾಡಿ, ನಾಲ್ಕು ಮಡಿಕೆ ಹಾಕಿ ಕೊಡುವಳು. ರೈಲಿನ ನೂಕುನುಗ್ಗಲಿನಲ್ಲಿ ಒಂದು ಕೈ ಮೇಲಿನ ಕಂಬಿಗೆ ಹೋದರೆ ಓದಲು ಉಳಿಯುವುದು ಒಂದೇ ಕೈ ತಾನೇ? ಹೊಸಬರು ಬಂದರೆ ಒಮ್ಮೆ ಮಾತ್ರ ಕೇಳುವಳು, ‘ಯಾವ ಪುಟ?’ ಎಂದು. ಮಾರನೆಯ ದಿನದಿಂದ ಕೇಳುವ ಮಾತಿಲ್ಲ.

ಆದರೆ ಈಚೆಗೆ ಕೈಗಳೇ ಖಾಲಿ ಇರುತ್ತಿರಲಿಲ್ಲ. ಒಂದರಲ್ಲಿ ಚೀಲ, ಇನ್ನೊಂದರಲ್ಲಿ ಫೋನು. ಹಿಂದಿನ ಸಂಜೆ ಬರೆದ ಸುದ್ದಿ ಪತ್ರಿಕೆಯಲ್ಲಿ ಬರುವಷ್ಟರಲ್ಲಿ ಫೋನಿನಲ್ಲಿ ಅದರ ಮೇಲೆ ಮೂರು ಸುದ್ದಿ ಬಂದು ಹೋಗಿರುತ್ತಿತ್ತು. ಒಂದು ಕಾಲಕ್ಕೆ ಎಂಟು ಗಂಟೆಗೆಲ್ಲ ಒಂಬೈನೂರು ಪ್ರತಿ ಮುಗಿದು, ‘ನಂಗಿಲ್ವಾ ಅಕ್ಕಾ?’ ಎಂದು ಜನ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಈಗ ಒಂಬತ್ತಕ್ಕೂ ಅರ್ಧಕ್ಕಿಂತ ಹೆಚ್ಚು ಅವಳ ಕಾಲ ಬುಡದಲ್ಲೇ ಬಿದ್ದಿರುತ್ತಿತ್ತು.

ಒಂದು ಶನಿವಾರ ಬಂಡಲ್ ಸಾರ್ ವ್ಯಾನಿನಿಂದ ಇಳಿದು, ಎಂದಿನ ನಗುವಿಲ್ಲದೆ ಹತ್ತಿರ ಬಂದ. ಕಂಪನಿಯ ಬಂಡಲುಗಳನ್ನು ತಂದು ಹಾಕುವವನೆಂದು ಅವನಿಗೆ ಆ ಹೆಸರು ಬಂತೋ, ಬಾಯಿ ತೆರೆದರೆ ಬಂಡಲ್ ಬಿಡುತ್ತಾನೆಂದು ಬಂತೋ, ಈಗ ಯಾರಿಗೂ ನೆನಪಿಲ್ಲ.

“ಅಕ್ಕಾ, ಸೋಮವಾರದಿಂದ ಶುಕ್ರವಾರದವರೆಗೆ ಎಣಿಕೆ ಇದೆ. ಆರು ಮೆಟ್ಟಿಲಿಗೂ ಒಬ್ಬೊಬ್ಬರು ಬರ್ತಾರೆ. ಯಾವ ಮೂರು ಮೆಟ್ಟಿಲಲ್ಲಿ ಜಾಸ್ತಿ ಹೋಗುತ್ತೋ ಅಲ್ಲಿ ಜನ ಇರ್ತಾರೆ. ಉಳಿದ ಮೂರಕ್ಕೆ ಕಬ್ಬಿಣದ ಪೆಟ್ಟಿಗೆ ಇಡ್ತಾರಂತೆ. ಬೇಕಾದೋರು ತಾವೇ ತಗೊಂಡು ಹೋಗೋದು.”

“ಪೆಟ್ಟಿಗೆ ಪೇಪರ್ ಮಡಚಿ ಕೊಡುತ್ತಾ?”

“ಅದು ಸಂಬಳ ಕೇಳಲ್ಲ ಅಕ್ಕಾ. ನಾನು ಹೇಳ್ತಿರೋದು ಬಂಡಲ್ ಅಲ್ಲ.”

ಅಲ್ಲವೆಂದು ಅವಳಿಗೂ ಗೊತ್ತಾಯಿತು. ಬಂಡಲ್ ಬಿಡುವಾಗ ಅವನು ಎದುರಿನವರ ಕಣ್ಣನ್ನೇ ನೋಡುತ್ತಿದ್ದ. ಇವತ್ತು ತನ್ನ ಬೂಟು ನೋಡಿಕೊಂಡು ನಿಂತಿದ್ದ.

ಅವಳಿಗೆ ಐವತ್ತೇಳು ವರ್ಷ. ಈ ಮೆಟ್ಟಿಲು ಹೋದರೆ ಇನ್ನೆಲ್ಲಿ ನಿಲ್ಲುವುದು? ಅವಳೂ ಅವಳ ತಂಗಿಯೂ ಎರಡು ಕೋಣೆಯ ಒಂದು ಮನೆಯಲ್ಲಿ ಇದ್ದರು. ಇಬ್ಬರ ಗಂಡಂದಿರೂ ತೀರಿಹೋಗಿದ್ದರು. ತಂಗಿ ಅದೇ ರೈಲು ಮಾರ್ಗದ ಕೊನೆಯ ನಿಲ್ದಾಣದಲ್ಲಿ ಬೋಗಿ ಗುಡಿಸುವವಳು. ಊರಿಗೆಲ್ಲ ಅಕ್ಕನಾದವಳನ್ನು ಸ್ವಂತ ತಂಗಿ ಮಾತ್ರ ಸಿಟ್ಟು ಬಂದಾಗ ‘ದೊಡ್ಡೋಳೇ’ ಎಂದು ಕರೆಯುತ್ತಿದ್ದಳು. ಎಣಿಕೆಯ ವಿಷಯ ಕೇಳಿ ತಂಗಿ, “ಬರ್ಲಿ ಬಿಡು, ಎಣಿಸ್ಕೊಳ್ಳಿ, ನಿನ್ನ ಮೆಟ್ಟಿಲಿಗೇನಾಗಿದೆ ಧಾಡಿ,” ಎಂದಳು. ಆದರೆ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತಳು.

ಸೋಮವಾರ ಎಣಿಸಲು ಬಂದವಳು ನಲವತ್ತೈದರ ಆಸುಪಾಸಿನ ಹೆಂಗಸು. ಅಂಗೈಯಲ್ಲಿ ಅಡಗುವ ಒಂದು ಗುಂಡಿಯ ಯಂತ್ರ. ಒಂದು ಪ್ರತಿ ಹೋದರೆ ಒಂದು ಸಲ ಒತ್ತುವಳು, ಕ್ಲಿಕ್ ಎನ್ನುವುದು. ಪೇಪರಕ್ಕ ಮನಸ್ಸಿನಲ್ಲೇ ಅವಳಿಗೆ ಕ್ಲಿಕ್ಕಮ್ಮ ಎಂದು ಹೆಸರಿಟ್ಟಳು. ಎಂಟು ಗಂಟೆಯ ಹೊತ್ತಿಗೆ ಹಾಗೆಂದೇ ಕರೆದೂಬಿಟ್ಟಳು.

“ಹೋದ ವಾರ ಕಾರು ಎಣಿಸ್ದೆ,” ಎಂದಳು ಕ್ಲಿಕ್ಕಮ್ಮ. “ಅದಕ್ಕೆ ಮುಂಚೆ ಒಂದು ಅಂಗಡಿ ಮುಂದೆ, ಒಳಗೆ ಹೋಗಿ ಏನೂ ತಗೊಳ್ದೆ ಬರೋರನ್ನ ಎಣಿಸ್ದೆ. ಕಾರೇ ವಾಸಿ. ನಾಚ್ಕೊಳ್ಳಲ್ಲ.”

ಅವಳ ಕಾಲು ಊದಿದ್ದನ್ನು ನೋಡಿ ಪೇಪರಕ್ಕ ಬಿಚ್ಚದ ಬಂಡಲೊಂದನ್ನು ಅವಳ ಕಡೆ ನೂಕಿ, “ಕೂತ್ಕೊಂಡು ಒತ್ತಮ್ಮಾ, ಹೇಗೂ ಇದನ್ನ ಬಿಚ್ಚೋ ಹಾಗೆ ಕಾಣಲ್ಲ,” ಎಂದಳು. ಅದು ನಿಜವೂ ಆಯಿತು. ಒಂಬತ್ತಕ್ಕೆ ಯಂತ್ರದಲ್ಲಿ ಬಂದದ್ದು ಮುನ್ನೂರ ಹನ್ನೆರಡು.

ಕ್ಲಿಕ್ಕಮ್ಮ ಏಕೆ ಕೂತಿದ್ದಾಳೆಂದು ಮೇಷ್ಟ್ರು ಅಂದೇ ಕೇಳಿ ತಿಳಿದುಕೊಂಡಿದ್ದರು. ‘ಹಾಗೋ’ ಎಂದಷ್ಟೇ ಹೇಳಿ ಇಳಿದು ಹೋದರು. ಆದರೆ ಆ ರೈಲಿನಲ್ಲಿ ದಿನವೂ ಹೋಗುವವರದೊಂದು ಗುಂಪು ಫೋನಿನಲ್ಲಿ ಇತ್ತು. ರೈಲು ತಡವಾದರೆ ಬೈಯುವುದಕ್ಕೆಂದು ಮಾಡಿಕೊಂಡದ್ದು. ಅದರಲ್ಲಿ ಮೇಷ್ಟ್ರು ನಾಲ್ಕು ಸಾಲು ಬರೆದು ಹಾಕಿದರು: ಪಡುವಣ ಮೆಟ್ಟಿಲಿನ ಅಕ್ಕನ ಕೆಲಸ ಉಳಿಯಬೇಕಾದರೆ ಶುಕ್ರವಾರದವರೆಗೆ ಎಲ್ಲರೂ ತಪ್ಪದೆ ಪತ್ರಿಕೆ ತೆಗೆದುಕೊಳ್ಳಿ, ಬೇರೆ ಮೆಟ್ಟಿಲಿನವರೂ ಸುತ್ತಿ ಬನ್ನಿ.

ಪತ್ರಿಕೆಯ ಅನ್ನ ಕಿತ್ತುಕೊಂಡ ಫೋನೇ ಹೀಗೆ ಪತ್ರಿಕೆಯ ಸಹಾಯಕ್ಕೆ ನಿಂತಿತು.

ಮಂಗಳವಾರ ಐನೂರ ಅರವತ್ತು. ಬುಧವಾರ ಎಂಟುನೂರ ನಲವತ್ತು. ಫೋನನ್ನು ಜೇಬಿಗೆ ತುರುಕಿ ಜನ ಕೈ ಚಾಚಿದರು. ‘ಇಕೋ, ನಂಗೂ ಒಂದು.’ ‘ನಮ್ಮನೆಯವರಿಗೂ ಒಂದು ಹಾಕಿ ಅಕ್ಕಾ.’ ಹತ್ತು ವರ್ಷದಿಂದ ಅವಳನ್ನು ಕಂಬದ ಹಾಗೆ ಬಳಸಿ ಹೋಗುತ್ತಿದ್ದ ಕಪ್ಪು ಕೋಟಿನ ವಕೀಲ ಮೂರು ಪ್ರತಿ ತೆಗೆದುಕೊಂಡು, “ಹೆದರಬೇಡಿ, ನಾವಿದ್ದೀವಿ,” ಎಂದು ನ್ಯಾಯಾಲಯದಲ್ಲಿ ಹೇಳುವ ದನಿಯಲ್ಲೇ ಹೇಳಿ ಹೋದ. ಬಂಡಲ್ ಸಾರ್ ಕುಣಿದಾಡಿದ. ಕ್ಲಿಕ್ಕಮ್ಮನ ಹೆಬ್ಬೆರಳಿಗೆ ನೋವು ಬಂದು ಅವಳು ಬೆರಳು ಬದಲಾಯಿಸಿದಳು.

ಪೇಪರಕ್ಕನಿಗೆ ಎದೆ ತುಂಬಿ ಬಂದದ್ದು ಸುಳ್ಳಲ್ಲ. ತನ್ನನ್ನು ಇಷ್ಟು ಜನ ಕಂಡಿದ್ದರೆಂದು ಅವಳಿಗೇ ಗೊತ್ತಿರಲಿಲ್ಲ. ಆದರೆ ಬುಧವಾರ ಕೊಡೆಯ ಹೆಂಗಸಿನ ಹಿಂದೆ ಬಂದ ಹೊಸಬಳೊಬ್ಬಳಿಗೆ ಅಭ್ಯಾಸಬಲದಿಂದ, “ಯಾವ ಪುಟ?” ಎಂದಾಗ ಅವಳು, “ಅಯ್ಯೋ, ಯಾವುದಾದ್ರೂ ಕೊಡಿ ಅಕ್ಕಾ, ಅದಕ್ಕೇನಂತೆ,” ಎಂದು ನಕ್ಕು ಹೋದಳು. ಆ ನಗು ತುಂಬ ಒಳ್ಳೆಯ ನಗು. ಆದರೂ ಪೇಪರಕ್ಕನ ಕೈ ಒಂದು ಗಳಿಗೆ ತಡೆಯಿತು.

ಅಂದು ಮಧ್ಯಾಹ್ನ ತಂಗಿ ಮನೆಗೆ ಬಂದವಳು ಚಪ್ಪಲಿ ಬಿಡುವಾಗ ಗೋಡೆ ಹಿಡಿದುಕೊಂಡಳು.

“ಏನಾಯ್ತೇ?”

“ಏನಿಲ್ಲ. ಸೊಂಟ.”

“ಏನಿಲ್ಲ ಅನ್ನೋಳು ಗೋಡೆ ಯಾಕೆ ಹಿಡ್ಕೊತಿದೀಯ?”

ತಂಗಿ ಹೇಳುವುದಿಲ್ಲವೆಂದೇ ಇದ್ದಳು. ಬಿಸಿನೀರಿನ ಚೀಲ ಬೆನ್ನಿಗೆ ಬಂದ ಮೇಲೆ ಬಾಯಿ ಬಿಟ್ಟಳು. “ನಿನ್ನ ಪೇಪರ್ ಕಣೇ. ದಿನಾ ಇಡೀ ರೈಲಿಗೆ ಒಂದು ಚೀಲ ಆಗ್ತಿತ್ತು, ಇವತ್ತು ಐದು. ಸೀಟಿನ ಮೇಲೆ, ಸೀಟಿನ ಕೆಳಗೆ, ಕಿಟಕಿ ಸಂದೀಲಿ. ಕೊನೇ ನಿಲ್ದಾಣದಲ್ಲಿ ರೈಲು ನಿಲ್ಲೋದೇ ಏಳು ನಿಮಿಷ. ಇವತ್ತು ನಮ್ಮಿಂದ ಎರಡು ಸಲ ತಡವಾಯ್ತು. ಮೇಲಿನೋನು ನನ್ನ ಹೆಸರು ಬರ್ಕೊಂಡ.”

“ನಂದೇ ಅಂತ ಹೇಗೆ ಹೇಳ್ತೀಯ? ಆರು ಮೆಟ್ಟಿಲಿದೆ.”

“ನಾಲ್ಕು ಮಡಿಕೆ ಇನ್ಯಾರು ಹಾಕ್ತಾರೆ? ಹಾಕಿದ ಹಾಗೇ ಇದೆ, ಒಂದೂ ಬಿಚ್ಚಿಲ್ಲ.” ಅಷ್ಟು ಹೇಳಿ ತಂಗಿ ನಾಲಿಗೆ ಕಚ್ಚಿಕೊಂಡಳು. “ಅಂದ್ರೆ, ಎಲ್ಲಾನೂ ಅಲ್ಲ. ಎಷ್ಟೋ ಜನ ಓದಿರ್ತಾರೆ. ಓದಿ ಮತ್ತೆ ಹಾಗೇ ಮಡಚಿರ್ತಾರೆ.”

ಓದಿದ ಪತ್ರಿಕೆಯನ್ನು ಮತ್ತೆ ಹಾಗೆಯೇ ಮಡಚುವ ಮನುಷ್ಯ ಇನ್ನೂ ಹುಟ್ಟಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಪೇಪರಕ್ಕ ನೀರಿನ ಚೀಲವನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಬೇರೆ ಮಾತು ತೆಗೆದಳು.

ಗುರುವಾರ ಮೇಷ್ಟ್ರ ಕೈ ಕಂಡ ಕೂಡಲೇ ಅವರನ್ನು ನಿಲ್ಲಿಸಿದಳು.

“ಮೇಷ್ಟ್ರೇ, ನಿಮ್ಮ ಉಪಕಾರ ದೊಡ್ಡದು. ಆದ್ರೆ ಜನ ತಗೊಂಡೋರು ಅಲ್ಲೇ ಬಿಟ್ಟು ಇಳೀತಾರೆ. ಎತ್ತೋಳು ನನ್ನ ತಂಗಿ. ಅವಳ ಕೆಲಸಕ್ಕೇ ಸಂಚಕಾರ ಬಂದಿದೆ.”

ಮೇಷ್ಟ್ರ ಮುಖ ಕಪ್ಪಿಟ್ಟಿತು. “ಛೆ ಛೆ, ಇದು ಹೊಳೀಲೇ ಇಲ್ವಲ್ಲ. ಇರಿ, ಈಗಲೇ ಬರೀತೀನಿ. ಯಾರೂ ರೈಲಲ್ಲಿ ಬಿಡಬೇಡಿ, ಕೈಯಲ್ಲೇ ಹಿಡ್ಕೊಂಡು ಇಳೀರಿ ಅಂತ. ಆಯ್ತಲ್ಲ? ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ.”

ಅಲ್ಲೇ ಮೆಟ್ಟಿಲ ಮೇಲೆ ನಿಂತು ಬರೆದರು. ಅವರ ರೈಲು ತಪ್ಪಿತು. ಅವಳಿಗೆ ಆ ಉಪಾಯ ಸರಿಯೆಂದೇ ತೋರಿತು. ತಂಗಿಯ ಸೊಂಟವೂ ಉಳಿಯಿತು, ತನ್ನ ಮೆಟ್ಟಿಲೂ ಉಳಿಯಿತು, ಇನ್ನೇನು ಬೇಕು? ಉತ್ಸಾಹದಿಂದಲೇ ಮಡಚಿ ಮಡಚಿ ಕೊಟ್ಟಳು.

ಎಂಟೂಕಾಲರ ಹೊತ್ತಿಗೆ ಮುಂಗೈಗೆ ಪಟ್ಟಿ ಕಟ್ಟಿದ ದಢೂತಿ ಮನುಷ್ಯ ಬಂದ. ಎಂದೂ ಒಂದೇ ತೆಗೆದುಕೊಳ್ಳುವವನು ಐದು ಕೇಳಿದ. ಅವನು ಇಳಿದು ಹೋಗುವುದನ್ನು ಪೇಪರಕ್ಕ ಸುಮ್ಮನೆ ಮೇಲಿನಿಂದ ನೋಡುತ್ತಿದ್ದಳು. ಮೆಟ್ಟಿಲಿನ ಬುಡದಲ್ಲಿ ಒಂದು ಕಸದ ತೊಟ್ಟಿ. ಅವನು ಅದರ ಮುಂದೆ ನಿಂತ. ಒಮ್ಮೆ ಹಿಂದೆ ತಿರುಗಿ ನೋಡಿ, ಅವಳಿಗೆ ಕಾಣಬಾರದೆಂದು ತನ್ನ ಅಗಲವಾದ ಮೈಯನ್ನು ಅಡ್ಡ ಮಾಡಿಕೊಂಡು, ಒಂದೊಂದಾಗಿ ನಾಲ್ಕನ್ನು ಸದ್ದಾಗದ ಹಾಗೆ ಒಳಗಿಳಿಸಿದ. ಐದನೆಯದನ್ನು ಉಳಿಸಿಕೊಂಡ. ರೈಲಿನ ಕಡೆ ನಡೆಯುತ್ತ ಅದನ್ನು ಕಣ್ಣಿನ ಹತ್ತಿರ ಹಿಡಿದ. ಹಿಂದಿನ ದಿನ ಅವನ ತಂಡ ಗೆದ್ದಿತ್ತು.

ಅವನು ಎಸೆದಿದ್ದರೆ ಅವಳಿಗೆ ಇಷ್ಟು ತಟ್ಟುತ್ತಿರಲಿಲ್ಲ. ಅವಳ ಮನಸ್ಸು ನೋಯಬಾರದೆಂದು ಅಷ್ಟು ಜೋಪಾನವಾಗಿ ಇಳಿಸಿದ್ದನಲ್ಲ, ಅದು ತಟ್ಟಿತು. ತಾನು ಮಡಚುತ್ತಿರುವುದು ತೊಟ್ಟಿಗೆ. ಅವರೆಲ್ಲ ಅದನ್ನು ತನ್ನಿಂದ ಮುಚ್ಚಿಡುತ್ತಿದ್ದಾರೆ. ತಂಗಿ ಕೂಡ.

ಆ ದಿನದ ಎಣಿಕೆ ಏಳುನೂರ ತೊಂಬತ್ತು.

ಶುಕ್ರವಾರ ಬೆಳಿಗ್ಗೆ ಮೊದಲ ಕೈ ಚಾಚಿದಾಗ ಅವಳು ಪತ್ರಿಕೆ ಕೊಡಲಿಲ್ಲ. “ಯಾವ ಪುಟ?” ಎಂದಳು.

“ಯಾವುದಾದ್ರೂ.”

“ಯಾವುದಾದ್ರೂ ಅನ್ನೋ ಪುಟ ಇದರಲ್ಲಿ ಇಲ್ಲ ಸ್ವಾಮಿ. ನಿಮ್ಮ ರೈಲು ಬಂತು, ಹೋಗಿ ಬನ್ನಿ.”

ಅವನು ಬೆಪ್ಪಾಗಿ ಇಳಿದು ಹೋದ. ಬಂಡಲಿನ ಮೇಲೆ ಕೂತಿದ್ದ ಕ್ಲಿಕ್ಕಮ್ಮ ಒತ್ತಲು ಎತ್ತಿದ್ದ ಬೆರಳನ್ನು ಹಾಗೆಯೇ ಇಳಿಸಿದಳು.

“ಯಾವ ಪುಟ?”

“ನಿಮ್ಮ ಪೇಪರಲ್ಲಿ ಎಷ್ಟು ಪುಟ ಇದೆ ಅಂತಾನೇ ಗೊತ್ತಿಲ್ವಲ್ಲ ಅಕ್ಕಾ!”

“ಹಾಗಾದ್ರೆ ಇದು ನಿಮಗಲ್ಲ ತಾಯಿ. ಬೇಜಾರಿಲ್ಲ, ನಗ್ತಾ ಹೋಗಿ.”

“ಯಾವ ಪುಟ?”

“ಸಿನಿಮಾ.” ಕೊಟ್ಟಳು. ಕ್ಲಿಕ್.

“ಯಾವ ಪುಟ?”

“ಜಾಹೀರಾತು. ಹಳೇ ಕುರ್ಚಿ ಮಾರೋರು ಯಾರಾದ್ರೂ ಇದಾರಾ ನೋಡ್ಬೇಕು.” ಕೊಟ್ಟಳು. ಕ್ಲಿಕ್.

ಕಪ್ಪು ಕೋಟಿನ ವಕೀಲನಿಗೆ ಮಾತ್ರ ರೇಗಿತು. “ನಿಮಗೋಸ್ಕರ ಮೂರು ಮೂರು ಪ್ರತಿ ತಗೊಳ್ತಿದೀನಿ. ನನ್ನನ್ನೇ ಪರೀಕ್ಷೆ ಮಾಡ್ತೀರೇನ್ರೀ?”

“ನೀವು ತಗೊಂಡಿದ್ದು ನನಗೋಸ್ಕರ, ಗೊತ್ತು. ಪೇಪರ್‌ಗೋಸ್ಕರ ಅಲ್ವಲ್ಲ. ನಿಮ್ಮ ಋಣ ನನ್ನ ಮೇಲಿರಲಿ, ನನ್ನ ತಂಗಿ ಬೆನ್ನ ಮೇಲೆ ಬೇಡ.”

ವಕೀಲ ಕೋಟು ಕೊಡವಿಕೊಂಡ. “ವಿಚಿತ್ರ ಹೆಂಗಸು,” ಎಂದು ಗೊಣಗಿ ನಾಲ್ಕು ಮೆಟ್ಟಿಲು ಇಳಿದವನು ತಿರುಗಿ ಬಂದು, “ಹವಾಮಾನ ಯಾವ ಪುಟದಲ್ಲಿದೆ?” ಎಂದ. ಅವಳು ಅವನ ಕಣ್ಣು ನೋಡಿದಳು. ನಿಜವಾಗಿ ಬೇಕಾಗಿತ್ತೋ, ಸೋಲಲು ಇಷ್ಟವಿರಲಿಲ್ಲವೋ ಹೇಳುವುದು ಕಷ್ಟ. ಎರಡನೆಯ ಪುಟ ಹೊರಗೆ ಮಾಡಿ ಕೊಟ್ಟಳು. ಅವನು ಅದನ್ನು ಓದುತ್ತಲೇ ಇಳಿದ.

ಎಂಟೂಮುಕ್ಕಾಲಕ್ಕೆ ಜನ ತೆಳುವಾದರು. ಕ್ಲಿಕ್ಕಮ್ಮ ಯಂತ್ರ ನೋಡಿದಳು. ಮುನ್ನೂರ ಮೂವತ್ತು. ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

“ಅಕ್ಕಾ, ಹೇಳಬಾರದು, ಆದ್ರೂ ಹೇಳ್ತೀನಿ. ಬೇರೆ ಮೆಟ್ಟಿಲಿನ ಎಣಿಕೆಯೋರು ಈಗ ಫೋನ್ ಮಾಡಿದ್ರು. ಐದು ದಿನದ್ದೂ ಸೇರ್ಸಿದ್ರೆ ನೀವು ನಾಲ್ಕನೆಯವರು. ಸೇತುವೆ ಕಡೆ ಮೆಟ್ಟಿಲಲ್ಲಿ ಇವತ್ತಿನ ಪ್ರತಿ ಮುಗೀತಂತೆ, ಅದನ್ನ ದಾಟೋಕೆ ಇನ್ನು ಹನ್ನೆರಡು ಬೇಕು.” ಅವಳು ಯಂತ್ರವನ್ನು ಮಡಿಲಲ್ಲಿಟ್ಟು ಬೆರಳು ಅದರ ಮೇಲಿಟ್ಟಳು. “ಹನ್ನೆರಡು ಅಂದ್ರೆ ಎಷ್ಟು ಹೊತ್ತಿನ ಕೆಲಸ? ನೀವು ಆ ಕಡೆ ತಿರುಗ್ಕೊಳ್ಳಿ ಸಾಕು.”

ಐದು ದಿನ ಜೊತೆಗೆ ನಿಂತವಳು, ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳಲು ಸಿದ್ಧಳಾಗಿ ಕೂತಿದ್ದಳು. ಆ ಕಡೆ ತಿರುಗಿಕೊಳ್ಳುವುದು ಎಷ್ಟು ಸುಲಭ. ಪೇಪರಕ್ಕನ ಕಾಲು ನಿಜಕ್ಕೂ ಸ್ವಲ್ಪ ತಿರುಗಿತು.

“ಬೇಡ ಕಣಮ್ಮಾ,” ಎಂದಳು. “ಮೂರು ದಿನದ ಸುಳ್ಳು ಹಾಕ್ಕೊಂಡೂ ನಾಲ್ಕನೆಯವಳಾಗಿದೀನಿ. ಇನ್ನು ಹನ್ನೆರಡು ಸೇರ್ಸಿ ಅದನ್ನ ಯಾಕೆ ಉದ್ದ ಮಾಡ್ತೀಯ? ಇನ್ನೂ ಹದಿನೈದು ನಿಮಿಷ ಇದೆಯಲ್ಲ. ಬರೋರು ಬರ್ತಾರೆ.”

ಬಂದರು. ಒಬ್ಬ ದಾದಿ ಆರೋಗ್ಯದ ಪುಟ ಕೇಳಿದಳು. ಇಬ್ಬರು ಮುದುಕರು ಪದಬಂಧ. ಒಬ್ಬ ಮೊದಲ ಪುಟ. ನಿನ್ನೆ ಸತ್ತವರ ಪಟ್ಟಿ ಕೇಳಿದಾತನಿಗೆ ಅದನ್ನು ಒಳಗೆ ಮಡಚಿ, ಮೆಲ್ಲಗೆ ಕೊಟ್ಟಳು. ಗಂಟೆ ಒಂಬತ್ತು ಹೊಡೆಯುವಾಗ ಇನ್ನೂ ಎಂಟೇ ಪ್ರತಿ ಹೋಗಿತ್ತು.

“ನಾಲ್ಕು ಕಮ್ಮಿ,” ಎಂದಳು ಕ್ಲಿಕ್ಕಮ್ಮ. ಬಂಡಲಿನ ಮೇಲಿಂದ ಎದ್ದು, “ನಂಗೊಂದು ಕೊಡಿ ಅಕ್ಕಾ,” ಎಂದು ಕೈ ಚಾಚಿದಳು.

“ಯಾವ ಪುಟ?”

ಕ್ಲಿಕ್ಕಮ್ಮ ಬಂಡಲಿನ ಮೇಲಿನ ಪತ್ರಿಕೆಯನ್ನು ಒಮ್ಮೆ ನೋಡಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು. “ನಿಮ್ಮತ್ರ ಸುಳ್ಳು ಹೇಳೋಕಾಗಲ್ಲ. ನಾನು ಎಲ್ಲಾ ಫೋನಲ್ಲೇ ಓದೋದು.”

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಕ್ಲಿಕ್ಕಮ್ಮ ಅವಳ ಹಸಿರು ಕೋಟಿನ ತೋಳನ್ನು ಒಮ್ಮೆ ಸವರಿ ಹೋದಳು.

ವ್ಯಾನು ತಂದು ನಿಲ್ಲಿಸಿದ ಬಂಡಲ್ ಸಾರ್ ಲೆಕ್ಕ ಕೇಳಿ ತಲೆ ಚಚ್ಚಿಕೊಂಡ. “ಬಾಯಿಗೆ ಬಂದ ತುತ್ತು ಅಕ್ಕಾ! ಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಈಗ ಏನಂತ ಹೇಳ್ಲಿ ಆಫೀಸಲ್ಲಿ?”

“ಇದ್ದದ್ದು ಹೇಳು. ಒಂದ್ಸಲ ಹೇಳಿ ನೋಡು, ಏನೂ ಆಗಲ್ಲ.”

ಆದದ್ದು ಆಯಿತು. ತಿಂಗಳ ಕೊನೆಗೆ ಪಡುವಣ ಮೆಟ್ಟಿಲಿಗೆ ಪೆಟ್ಟಿಗೆ ಬರುತ್ತದೆಂದು ಮಧ್ಯಾಹ್ನವೇ ಅವನು ಫೋನು ಮಾಡಿ ತಿಳಿಸಿದ.

ಮನೆಯಲ್ಲಿ ತಂಗಿ ಸಿಡಿದೆದ್ದಳು. “ಅಯ್ಯೋ ದೊಡ್ಡೋಳೇ! ನಾನು ಸೊಂಟ ನೋವು ಅಂದಿದ್ದು ಬಿಸಿನೀರಿಗೆ. ನೀನು ಕೆಲಸ ಕಳ್ಕೋ ಅಂತಲ್ಲ. ಇನ್ನೊಂದು ದಿನ ಬಗ್ಗಿದ್ರೆ ನಾನೇನು ಸಾಯ್ತಿದ್ನಾ? ಬುದ್ಧಿ ಎಲ್ಲಿ ಅಡ ಇಟ್ಟಿದ್ದೆ?”

“ಬಯ್ಯಿ, ಬಯ್ಯಿ. ಸೊಂಟ ಹೇಗಿದೆ?”

“ಸೊಂಟದ ಮಾತೆತ್ತಬೇಡ.” ತಂಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು. ಅರ್ಧ ಗಂಟೆ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ಆಮೇಲೆ ಎರಡು ಲೋಟ ಚಹಾ ತಂದು, ಎದುರಿಗೆ ಕೂತು, ಸಿಟ್ಟಿನ ದನಿಯಲ್ಲೇ ಹೇಳಿದಳು, “ನಮ್ಮಲ್ಲಿ ಮುಂದಿನ ತಿಂಗಳು ಒಬ್ಬಳು ಬಿಡ್ತಾಳೆ. ಮೇಲಿನೋನ ಹತ್ರ ಕೇಳ್ತೀನಿ. ಬಗ್ಗೋಕಾಗುತ್ತಾ ನಿನ್ನ ಕೈಲಿ?”

“ಕಲೀತೀನಿ. ಹೆಸರು ಬರ್ಕೊಂಡೋನ ಹತ್ರಾನೇ ಕೇಳ್ತೀಯಾ?”

“ಇವತ್ತು ಒಂದೂವರೆ ಚೀಲ. ಆರು ನಿಮಿಷಕ್ಕೇ ಮುಗಿಸ್ದೆ. ಅವನೇ ಬೆಕ್ಕಸ ಬೆರಗಾಗಿ ನಿಂತಿದ್ದ.”

ಇಬ್ಬರೂ ಚಹಾ ಕುಡಿದರು. ಸಕ್ಕರೆ ಸರಿಯಾಗಿಯೇ ಇತ್ತು. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಲಕ್ಷ ಪ್ರತಿ ಹಂಚಿರಬಹುದೆಂದು ಪೇಪರಕ್ಕ ಎಂದೂ ಯೋಚಿಸಿದವಳಲ್ಲ. ಕೊಟ್ಟದ್ದೆಲ್ಲ ಓದಿಯೇ ಓದುತ್ತಾರೆಂದು ಅವಳು ನಂಬಿದ್ದೂ ಇಲ್ಲ, ನಂಬದೆ ಇದ್ದದ್ದೂ ಇಲ್ಲ. ಇವತ್ತು ಮಾತ್ರ ಒಬ್ಬೊಬ್ಬರನ್ನೂ ಕೇಳಿ ಕೊಟ್ಟಿದ್ದಳು.

“ಅದಿರ್ಲಿ,” ಎಂದಳು ತಂಗಿ, ಲೋಟದ ತಳ ನೋಡುತ್ತ. “ಎಲ್ಲಾರ ಕೈಲೂ ಫೋನು. ಪುಟ ಕೇಳಿ ತಗೊಂಡೋರು ಅಂತ ಯಾರಾದ್ರೂ ಇದ್ರಾ? ನಿಜ ಹೇಳು.”

“ಮುನ್ನೂರ ಮೂವತ್ತೆಂಟು.”

ತಂಗಿ ಲೋಟ ಕೆಳಗಿಟ್ಟಳು. ದಿನವೂ ರೈಲಿನ ಕೊನೆಯಲ್ಲಿ ನಿಂತು ಜನ ಬಿಟ್ಟು ಹೋದದ್ದನ್ನಷ್ಟೇ ಕಂಡವಳು ಅವಳು.

“ಅಷ್ಟೊಂದು ಜನಾನಾ?” ಎಂದಳು.